ಸಹಾಯ ಬೇಕು: ಝುಕಿನಿ ನೂಡಲ್ಸ್ ನೀರು ಬಿಡದ ಹಾಗೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿಯ ಟಿಳಕವಾಡಿಯವರು. ನಮ್ಮ ಮಾವನವರಿಗೆ ಶುಗರ್ ಇದೆ. ಮಕ್ಕಳು ನೂಡಲ್ಸ್ ತಿನ್ನುವಾಗ ಅವರಿಗೂ ಆಸೆ, ಪಾಪ. ಮೈದಾ ಬೇಡ ಅಂತ ಅವರಿಗೆ ಝುಕಿನಿಯನ್ನೇ (ಸೌತೆಕಾಯಿಯಂತೆ ಕಾಣುವ, ಕುಂಬಳ ಜಾತಿಯ ತರಕಾರಿ) ನೂಡಲ್ಸ್ ಹಾಗೆ ಎಳೆಯಾಗಿ ಕತ್ತರಿಸಿ ಮಾಡಿಕೊಡುತ್ತೇನೆ.

ರುಚಿಗೆ ಕೊರತೆ ಇಲ್ಲ, ತೊಂದರೆ ನೀರಿನದು. ಝುಕಿನಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ ಅಲ್ವಾ? ಮಸಾಲೆ ಸೇರಿಸುವಷ್ಟರಲ್ಲಿ ಬಾಣಲೆ ತಳದಲ್ಲಿ ನೀರು ನಿಂತು ಎಳೆಗಳೆಲ್ಲ ಮೆತ್ತಗಾಗುತ್ತವೆ. ಉಪ್ಪು ಸವರಿ 15–20 ನಿಮಿಷ ಜರಡಿಯಲ್ಲಿಟ್ಟು, ಬಟ್ಟೆಯಲ್ಲಿ ಒತ್ತಿದರೆ ಎಳೆ ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಮಾವನವರಿಗೆ ಬಿಪಿಯೂ ಇದೆ, ಅಷ್ಟು ಉಪ್ಪು ಬೇಡ. ತೊಳೆದರೆ ಮತ್ತೆ ನೀರು! ಉಪ್ಪಿಲ್ಲದೆ, ಅಗಲವಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ, ಜೋರು ಉರಿಯಲ್ಲಿ ಒಂದೆರಡು ನಿಮಿಷ ಬಾಡಿಸಿದರೆ ಸಾಕಾಗುತ್ತದಾ? ಹಾಗೆ ಮಾಡುವವರು ಯಾರಾದರೂ ಇದ್ದೀರಾ?

ಸದ್ಯ ಪೀಲರ್‌ನಿಂದ ಉದ್ದಕ್ಕೆ ಪಟ್ಟಿ ತೆಗೆದು ಚಾಕುವಿನಿಂದ ಸೀಳುತ್ತೇನೆ. ನಡುವಿನ ಬೀಜದ ಭಾಗ ಥಾಲಿಪಟ್ಟಿನ ಹಿಟ್ಟಿಗೆ ಹೋಗುತ್ತದೆ. ತರಕಾರಿಯನ್ನು ಉದ್ದ ಎಳೆಯಾಗಿ ಕತ್ತರಿಸುವ, ಕೈಯಲ್ಲಿ ತಿರುಗಿಸುವ ಸ್ಪೈರಲೈಸರ್ ತಗೊಂಡರೆ ಉಪಯೋಗ ಇದೆಯಾ, ಇಲ್ಲ ಸುಮ್ನೆ ಕಪಾಟಿನಲ್ಲಿ ಕೂರುವ ಸಾಮಾನಾ? ಬಳಸಿದವರು ಹೇಳಿ.

ಸಾಸ್ ಬದಲು ಬೆಳ್ಳುಳ್ಳಿ ಒಗ್ಗರಣೆ, ಮೇಲೆ ಶೇಂಗಾ ಚಟ್ನಿ ಪುಡಿ ಹಾಕುತ್ತೇನೆ. ನನ್ನ ಮಟ್ಟಿಗೆ ಅದೇ ಚೆಂದ, ಪುಡಿ ಸ್ವಲ್ಪ ನೀರನ್ನೂ ಹೀರುತ್ತದೆ.

ಇನ್ನೊಂದು ಮಾತು. ಝುಕಿನಿ ಇಲ್ಲಿ ಎಲ್ಲ ದಿನ ಸಿಗುವುದಿಲ್ಲ. ಎಳೆ ಸೋರೆಕಾಯಿ ಇಲ್ಲವೇ ಗಜ್ಜರಿಯಿಂದ ಮಾಡಿದವರಿದ್ದರೆ ಎಷ್ಟು ಹೊತ್ತು ಬೇಯಿಸಬೇಕು ಅಂತ ತಿಳಿಸಿ. ಹೀರೇಕಾಯಿ ಮಾತ್ರ ಹೇಳಬೇಡಿ, ಅದು ಕರಗಿಯೇ ಹೋಗುತ್ತದೆ.