ಹಸಿರು ಬೆಲ್ಟ್ ಪರೀಕ್ಷೆಯಲ್ಲಿ ಪರೀಕ್ಷಕರು ನಿಜವಾಗಿ ಏನನ್ನು ನೋಡುತ್ತಾರೆ?

ಪ್ರಶ್ನೆ: ಪಾಲಕಿ, ನವನಗರ, ಬಾಗಲಕೋಟೆ

ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಇಲ್ಲಿಯ ಒಂದು ಶೋಟೋಕಾನ್ ಕರಾಟೆ ತರಗತಿಗೆ ಹೋಗುತ್ತಾಳೆ. ಈಗ ಅವಳದು ಕಿತ್ತಳೆ ಬೆಲ್ಟ್. ದಸರಾ ರಜೆಯಲ್ಲಿ ಹಸಿರು ಬೆಲ್ಟಿನ ಪರೀಕ್ಷೆ ನಡೆಯುತ್ತದೆ, ಪರೀಕ್ಷಕರು ಬೆಳಗಾವಿಯಿಂದ ಬರುತ್ತಾರೆ ಎಂದು ಅವರ ಸರ್ ತಿಳಿಸಿದ್ದಾರೆ. ಅವಳ ಜೊತೆಗೇ ಸೇರಿದ ಇಬ್ಬರು ಮಕ್ಕಳಿಗೆ ಈ ಸಲ ಪರೀಕ್ಷೆಗೆ ನಿಲ್ಲಲು ಅನುಮತಿ ಸಿಕ್ಕಿಲ್ಲ. ಆದರೆ ಬೇರೆ ಕಡೆ ಕಲಿಯುವ ಪಕ್ಕದ ಮನೆಯ ಹುಡುಗ ಮೂರು ತಿಂಗಳಿಗೊಂದು ಬಣ್ಣ ಬದಲಾಯಿಸುತ್ತ ಈಗಾಗಲೇ ನೀಲಿ ಬೆಲ್ಟ್ ಕಟ್ಟಿದ್ದಾನೆ. ನಮ್ಮ ಮನೆಯಲ್ಲಿ ಈ ವಿದ್ಯೆ ಕಲಿತವರು ಯಾರೂ ಇಲ್ಲದ ಕಾರಣ, ಪರೀಕ್ಷೆ ಹೇಗೆ ನಡೆಯುತ್ತದೆ, ಮಕ್ಕಳನ್ನು ಅನುತ್ತೀರ್ಣಗೊಳಿಸುತ್ತಾರೆಯೇ, ಶುಲ್ಕದ ವಿಷಯದಲ್ಲಿ ಏನನ್ನು ವಿಚಾರಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಕರಾಟೆ ತರಬೇತುದಾರ, ಟಿಳಕವಾಡಿ, ಬೆಳಗಾವಿ

ಮೊದಲು ಬಣ್ಣದ ವಿಷಯ. ಕಪ್ಪು ಬೆಲ್ಟಿಗಿಂತ ಕೆಳಗಿನ ದರ್ಜೆಗಳನ್ನು ಕ್ಯೂ ಎನ್ನುತ್ತಾರೆ. ಅವು 10 ಅಥವಾ 9ರಿಂದ ಇಳಿಯುತ್ತ 1ಕ್ಕೆ ಬರುತ್ತವೆ. ಆಮೇಲೆ ಕಪ್ಪು ಬೆಲ್ಟಿನ ದಾನ್ ದರ್ಜೆಗಳು 1ರಿಂದ ಏರುತ್ತವೆ. ದಾನ್ ಪದ್ಧತಿಯನ್ನು ಜೂಡೋ ಸ್ಥಾಪಕ ಜಿಗೊರೊ ಕಾನೊ 1883ರಲ್ಲಿ ತಂದರು. ಕರಾಟೆಯಲ್ಲಿ ಶೋಟೋಕಾನ್ ಶೈಲಿಯ ಸ್ಥಾಪಕ ಗಿಚಿನ್ ಫುನಾಕೋಶಿ ತಮ್ಮ ಶಿಷ್ಯರಿಗೆ ಮೊದಲ ದಾನ್ ದರ್ಜೆಗಳನ್ನು ನೀಡಿದ್ದು 1924ರಲ್ಲಿ. ಯಾವ ಕ್ಯೂಗೆ ಯಾವ ಬಣ್ಣ ಎಂಬುದನ್ನು ಆಯಾ ಸಂಸ್ಥೆಯೇ ಗೊತ್ತುಮಾಡಿಕೊಳ್ಳುತ್ತದೆ. ಹೀಗಾಗಿ ಪಕ್ಕದ ಮನೆಯ ನೀಲಿಯನ್ನು ನಿಮ್ಮ ಮಗಳ ಕಿತ್ತಳೆಯೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಯಲ್ಲಿ ಕಿಹೋನ್, ಕಾತಾ, ಕುಮಿತೆ ಎಂಬ ಮೂರು ಭಾಗಗಳಿರುತ್ತವೆ. ಕಿಹೋನ್ ಎಂದರೆ ಹೊಡೆತ, ತಡೆ, ಒದೆತಗಳ ಮೂಲ ಅಭ್ಯಾಸ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಣಿಕೆಗೆ ತಕ್ಕಂತೆ ಮುಂದೆ ಹಿಂದೆ ಚಲಿಸುವಂತೆ ಮಾಡುತ್ತಾರೆ. ಇಲ್ಲಿ ಪಾಲಕರ ಕಣ್ಣು ಮುಷ್ಟಿಯ ಮೇಲಿದ್ದರೆ ಪರೀಕ್ಷಕರ ಕಣ್ಣು ಪಾದದ ಮೇಲಿರುತ್ತದೆ. ಝೆಂಕುತ್ಸು ದಾಚಿಯಲ್ಲಿ, ಅಂದರೆ ಮುಂಗಾಲಿನ ಮೇಲೆ ಹೆಚ್ಚು ಭಾರ ಹಾಕಿ ನಿಲ್ಲುವ ಭಂಗಿಯಲ್ಲಿ, ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಟ್ಟಿದ್ದರೆ ಹೊಡೆತ ಎಷ್ಟೇ ಜೋರಾಗಿ ಕಂಡರೂ ಅದರ ಹಿಂದೆ ಸೊಂಟದ ಬಲ ಇರುವುದಿಲ್ಲ.

ಕಾತಾ ಎಂದರೆ ಗೊತ್ತುಪಡಿಸಿದ ಕ್ರಮದಲ್ಲಿ ಒಬ್ಬರೇ ಮಾಡಿ ತೋರಿಸುವ ಚಲನೆಗಳ ಸರಣಿ. ಹಸಿರಿಗೆ ಹೋಗುವವರು ಸಾಮಾನ್ಯವಾಗಿ ಹೇಯಾನ್ ನಿದಾನ್ ಅಥವಾ ಹೇಯಾನ್ ಸಾಂದಾನ್ ಕಾತಾ ಮಾಡಿ ತೋರಿಸಬೇಕಾಗುತ್ತದೆ. ಇದರ ಜೊತೆಗೆ ಎಲ್ಲರೂ ಮೊದಲು ಕಲಿಯುವ ಹೇಯಾನ್ ಶೋದಾನ್ ಅನ್ನು ನಾನು ತಪ್ಪದೆ ಮಾಡಿಸುತ್ತೇನೆ. ಅದರಲ್ಲಿರುವುದು 21 ಚಲನೆಗಳು, ಎರಡು ಕಡೆ ಕಿಯಾಯ್ ಕೂಗು. ಮೇಲಕ್ಕೆ ತಡೆಯುವ ಮೂರನೆಯ ಆಗೆ ಉಕೆ ಮುಗಿದ ಕೂಡಲೇ ಎಡಕ್ಕೆ ಮುಕ್ಕಾಲು ಸುತ್ತು ತಿರುಗಬೇಕು. ಅಲ್ಲಿ ಹೆಚ್ಚಿನ ಮಕ್ಕಳು ಎಡಗಾಲನ್ನು ಹತ್ತಿರ ಇಟ್ಟು ಭಂಗಿಯನ್ನು ಕಿರಿದಾಗಿಸಿಕೊಳ್ಳುತ್ತಾರೆ. ಕಾತಾ ಆರಂಭಿಸಿದ ಜಾಗಕ್ಕೇ ಬಂದು ಮುಗಿಯಬೇಕು ಎಂಬ ನಿಯಮವಿರುವುದರಿಂದ, ಹೆಜ್ಜೆಗಳು ಸಮವಾಗಿರದ ಮಗು ಕೊನೆಗೆ ಒಂದೆರಡು ಅಡಿ ಆಚೆ ನಿಂತಿರುತ್ತದೆ. ಒಂದು ಮಾತೂ ಕೇಳದೆ ಅಭ್ಯಾಸದ ಗುಣಮಟ್ಟ ಅಲ್ಲಿಯೇ ತಿಳಿದುಬಿಡುತ್ತದೆ. ಮಗಳು ಮನೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿಕೊಂಡು ಇದನ್ನು ತಾನೇ ನೋಡಿಕೊಳ್ಳಬಹುದು.

ಕುಮಿತೆ ಎಂದರೆ ಈ ಹಂತದಲ್ಲಿ ಮುಕ್ತ ಕಾದಾಟವಲ್ಲ. ಎಲ್ಲಿಗೆ ಹೊಡೆಯುತ್ತೇನೆ ಎಂದು ಮೊದಲೇ ಹೇಳಿ ದಾಳಿ ಮಾಡುವುದು, ಎದುರಿನವರು ತಡೆದು ಒಂದು ಮರುಹೊಡೆತ ನೀಡುವುದು, ಇಷ್ಟೇ ಇರುತ್ತದೆ. ಮರುಹೊಡೆತವನ್ನು ಮೈಗೆ ತಾಗುವ ಮುನ್ನ ಹಿಡಿದು ನಿಲ್ಲಿಸಬೇಕು. ಎದುರಾಳಿಗೆ ಪೆಟ್ಟು ಮಾಡಿದ ಮಗುವಿಗೆ ಅಂಕ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ಉತ್ತರ: ಟೇಕ್ವಾಂಡೋ ತರಬೇತುದಾರೆ, ವಿಜಯಪುರ

ಟೇಕ್ವಾಂಡೋದಲ್ಲಿಯೂ ಚೌಕಟ್ಟು ಬಹುತೇಕ ಇದೇ ಆಗಿದ್ದು, ಕ್ಯೂ ಬದಲು ಗುಪ್ ಎಂಬ ದರ್ಜೆ, ಕಾತಾ ಬದಲು ಪೂಮ್ಸೇ ಇರುತ್ತದೆ. ನಮ್ಮಲ್ಲಿ ಕಪ್ಪು ಬೆಲ್ಟಿಗೆ ಮುನ್ನ ತೇಗುಕ್ ಸರಣಿಯ ಎಂಟು ಪೂಮ್ಸೇಗಳನ್ನು ಕ್ರಮವಾಗಿ ಕಲಿಯಬೇಕು. ಬಣ್ಣದ ಬೆಲ್ಟುಗಳನ್ನು ಸ್ಥಳೀಯವಾಗಿಯೇ ನೀಡುತ್ತಾರೆ, ಕಪ್ಪು ಬೆಲ್ಟಿನ ಪ್ರಮಾಣಪತ್ರ ಮಾತ್ರ ದಕ್ಷಿಣ ಕೊರಿಯಾದ ಸೋಲ್ ನಗರದ ಕುಕ್ಕಿವೋನ್ ಸಂಸ್ಥೆಯಿಂದ ಬರಬೇಕು. 15 ವರ್ಷ ತುಂಬದವರಿಗೆ ದಾನ್ ಅಲ್ಲ, ಪೂಮ್ ಎಂಬ ಕಿರಿಯರ ದರ್ಜೆ ಸಿಗುತ್ತದೆ.

ಅನುಮತಿ ಸಿಗದ ಆ ಇಬ್ಬರು ಮಕ್ಕಳ ವಿಷಯದಲ್ಲಿ ನಿಮ್ಮ ಸರ್ ಮೇಲಿನ ನನ್ನ ವಿಶ್ವಾಸ ಹೆಚ್ಚಾಯಿತು. ಪರೀಕ್ಷೆಯ ದಿನ ಎಲ್ಲರೂ ಉತ್ತೀರ್ಣರಾಗುವುದನ್ನು ಕಂಡು ಇದು ಬರಿಯ ಶಾಸ್ತ್ರ ಎಂದು ಪಾಲಕರು ತಿಳಿಯುತ್ತಾರೆ. ಒಳ್ಳೆಯ ತರಗತಿಗಳಲ್ಲಿ ನಿಜವಾದ ಆಯ್ಕೆ ಅದಕ್ಕೂ ಕೆಲವು ವಾರ ಮೊದಲೇ, ನಿತ್ಯದ ಅಭ್ಯಾಸದಲ್ಲಿಯೇ ನಡೆದಿರುತ್ತದೆ. ಸಿದ್ಧವಾಗದ ಮಗುವನ್ನು ನೂರು ಜನರ ಮುಂದೆ ನಿಲ್ಲಿಸಿ ಅನುತ್ತೀರ್ಣಗೊಳಿಸುವುದಕ್ಕಿಂತ ಮುಂದಿನ ಸಲಕ್ಕೆ ಕಾಯಿಸುವುದು ಎಷ್ಟೋ ಮೇಲು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಂಗಳದ ಗುರುತಿನ ಅಭ್ಯಾಸವನ್ನು ಇಂದೇ ಆರಂಭಿಸಿದ್ದಾಳೆ. ಅಕಸ್ಮಾತ್ ಉತ್ತೀರ್ಣಳಾಗದಿದ್ದರೆ ಶುಲ್ಕವನ್ನು ಮತ್ತೆ ಪೂರ್ತಿ ಕಟ್ಟಬೇಕೇ? ಮುಂದೆ ಪಂದ್ಯಾವಳಿಗಳಿಗೆ ಈ ಬೆಲ್ಟ್ ಉಪಯೋಗವಾಗುತ್ತದೆಯೇ?

ಉತ್ತರ: ಪಾಲಕ, ಶಹಾಪುರ, ಬೆಳಗಾವಿ

ನನ್ನ ಇಬ್ಬರೂ ಮಕ್ಕಳು ಈ ಹಾದಿಯಲ್ಲಿ ಬಂದವರು. ಶುಲ್ಕದಲ್ಲಿ ಬೆಲ್ಟ್, ಪ್ರಮಾಣಪತ್ರ, ಸಂಸ್ಥೆಯ ನೋಂದಣಿ, ಪರೀಕ್ಷಕರ ಪ್ರಯಾಣ ವೆಚ್ಚ ಇವೆಲ್ಲ ಸೇರಿರಬಹುದು. ಯಾವುದಕ್ಕೆ ಎಷ್ಟು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮರುಪರೀಕ್ಷೆಗೆ ಒಬ್ಬೊಬ್ಬರ ಪದ್ಧತಿ ಒಂದೊಂದು, ಆದ್ದರಿಂದ ಹಣ ಕಟ್ಟುವ ಮುನ್ನವೇ ವಿಚಾರಿಸಿ. ಕಪ್ಪು ಬೆಲ್ಟಿನವರೆಗಿನ ಒಟ್ಟು ಖರ್ಚನ್ನೂ ಈಗಲೇ ಕೇಳಿಟ್ಟುಕೊಳ್ಳಿ, ಏಕೆಂದರೆ ದಾನ್ ಪರೀಕ್ಷೆಯ ಶುಲ್ಕ ಕ್ಯೂ ಪರೀಕ್ಷೆಯದಕ್ಕಿಂತ ಬಹಳ ಹೆಚ್ಚಿರುತ್ತದೆ.

ಉತ್ತರ: ಕರಾಟೆ ತರಬೇತುದಾರ, ಟಿಳಕವಾಡಿ, ಬೆಳಗಾವಿ

ಶಾಲಾ ಕ್ರೀಡಾಕೂಟಗಳ ಕುಮಿತೆಯಲ್ಲಿ ಮಕ್ಕಳನ್ನು ವಯಸ್ಸು ಮತ್ತು ತೂಕದ ಮೇಲೆ ವಿಂಗಡಿಸುತ್ತಾರೆ, ಬೆಲ್ಟಿನ ಬಣ್ಣದ ಮೇಲೆ ಅಲ್ಲ. ಕ್ಲಬ್ಬುಗಳು ನಡೆಸುವ ಕೆಲವು ಪಂದ್ಯಾವಳಿಗಳಲ್ಲಿ ಮಾತ್ರ ಬಣ್ಣಕ್ಕೊಂದು ವಿಭಾಗ ಇರುತ್ತದೆ. ಹಾಗಾಗಿ ಪಂದ್ಯಾವಳಿಯ ಸಲುವಾಗಿ ಬೆಲ್ಟಿಗೆ ಅವಸರಪಡುವ ಅಗತ್ಯವಿಲ್ಲ.

ಪರೀಕ್ಷೆಯ ಬಳಿಕ ಅಂಕಪಟ್ಟಿ ಕೊಡುತ್ತಾರೆಯೇ ಎಂದು ಸರ್ ಅವರನ್ನು ಕೇಳಿ. ಕೊಡುವ ರೂಢಿ ಇಲ್ಲದಿದ್ದರೆ, ಮಗಳ ಕಾತಾದಲ್ಲಿ ಪರೀಕ್ಷಕರು ಕಂಡ ಎರಡು ದೋಷಗಳನ್ನಾದರೂ ಬರೆದುಕೊಡುವಂತೆ ವಿನಂತಿಸಿ. ಹಸಿರು ಬೆಲ್ಟ್ ಕಟ್ಟಿದ ಮರುದಿನದಿಂದ ಅವಳು ತಿದ್ದಿಕೊಳ್ಳಬೇಕಾದದ್ದು ಅದನ್ನೇ.