ತಿಂಗಳು ತಿಂಗಳು ಸಿಗುವ ಸಣ್ಣ ನಗದು ನೆರವಿನಿಂದ ಹಳ್ಳಿಯ ಬಡ ಕುಟುಂಬವೊಂದು ಜೀವನೋಪಾಯ ಕಟ್ಟಿಕೊಳ್ಳಲು ಸಾಧ್ಯವೇ?

ಹೊಸಹೆಜ್ಜೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಹಳ್ಳಿಗಾಡಿನ ಒಂದಷ್ಟು ಬಡ ಕುಟುಂಬಗಳಿಗೆ ಎರಡು ಮೂರು ವರ್ಷಗಳ ಕಾಲ ನೇರವಾಗಿ ಹಣದ ನೆರವು ನೀಡಬೇಕೆಂದು ಯೋಚಿಸುತ್ತಿದ್ದೇವೆ. ತುಂಡು ಭೂಮಿಯಷ್ಟೇ ಇರುವ, ಇಲ್ಲವೇ ಭೂಮಿಯೇ ಇಲ್ಲದ, ವರ್ಷದ ಬಹುಪಾಲು ದಿನ ಕೂಲಿಯನ್ನೇ ನಂಬಿರುವ ಕುಟುಂಬಗಳಿವು. ಅವರ ಅಂದಂದಿನ ಕಷ್ಟ ನೀಗಿದರೆ ಸಾಲದು. ನೆರವು ನಿಂತ ಮೇಲೂ ಉಳಿಯುವಂಥ ದುಡಿಮೆಯ ದಾರಿಯೊಂದು ಅವರಿಗೆ ದೊರೆಯಬೇಕು ಎಂಬುದು ನಮ್ಮ ಆಸೆ.

ಭಿನ್ನಾಭಿಪ್ರಾಯ ಬಂದಿರುವುದು ಇಲ್ಲಿಯೇ. ತಿಂಗಳಿಗೊಮ್ಮೆ ಕೊಡುವ ಸಣ್ಣ ಮೊತ್ತ ಊಟ, ಔಷಧಿ, ಶಾಲೆಯ ಖರ್ಚಿನಲ್ಲೇ ಕರಗಿಹೋಗುತ್ತದೆ, ಆದ್ದರಿಂದ ಇಡುಗಂಟಾಗಿ ಕೊಟ್ಟುಬಿಡೋಣ ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಇಡುಗಂಟನ್ನು ಮೊದಲು ಬಂದ ಸಂಕಟವೇ ನುಂಗಿಹಾಕುತ್ತದೆ, ನಿಯಮಿತವಾಗಿ ಬರುವ ಹಣವೇ ಲೇಸು ಎಂದು ಉಳಿದವರ ವಾದ. ಈ ವಿಷಯವನ್ನು ಅಧ್ಯಯನ ಮಾಡಿದವರು, ಇಂಥ ಕಾರ್ಯಕ್ರಮಗಳಲ್ಲಿ ದುಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿಕೊಡಿ: ನಿಯಮಿತ ಹಣ ಜೀವನೋಪಾಯವಾಗಿ ಮಾರ್ಪಡುವುದು ನಿಜವೇ? ನಿಜವಾದರೆ, ಯಾವ ಬಗೆಯಲ್ಲಿ?

ಬಿತ್ತನೆಕಾಲ

ನಿಜ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹಣದಿಂದ ಏನನ್ನು ಕೊಂಡರು ಎಂದು ಮಾತ್ರ ನೋಡಿದರೆ ಅದು ನಮಗೆ ಕಾಣುವುದಿಲ್ಲ. ಹಣ ಬಂದದ್ದರಿಂದ ಕುಟುಂಬ ಏನನ್ನು ಮಾಡದೆ ಉಳಿಯಿತು ಎಂಬುದನ್ನೂ ನೋಡಬೇಕು.

ಒಂದೆರಡು ಎಕರೆ ಇರುವ ಬಡ ಕುಟುಂಬದ ವರ್ಷವನ್ನು ಗಮನಿಸಿ. ಬಿತ್ತನೆ ಮುಗಿದು ಕಳೆ ತೆಗೆಯುವ ಹೊತ್ತಿಗೆ ಮನೆಯಲ್ಲಿ ಕಾಳು ಮುಗಿದಿರುತ್ತದೆ. ಅಂದಿನ ಊಟಕ್ಕೆ ಅಂದಿನ ಕೂಲಿಯೇ ಬೇಕಾದ್ದರಿಂದ ಗಂಡ ಹೆಂಡತಿ ಇಬ್ಬರೂ ಬೇರೆಯವರ ಹೊಲದ ಕಳೆ ತೆಗೆಯಲು ಹೋಗುತ್ತಾರೆ. ತಮ್ಮ ಹೊಲಕ್ಕೆ ಕೈ ಬೇಕಾದ ವಾರಗಳಲ್ಲೇ ಅದು ಪಾಳು ಬೀಳುತ್ತದೆ. ಇಳುವರಿ ಇಳಿಯುತ್ತದೆ. ಅಷ್ಟರಲ್ಲಿ ಮಾಡಿದ ಕೈಸಾಲಕ್ಕೆ ಬಡ್ಡಿ ಏರಿರುತ್ತದೆಯಾದ್ದರಿಂದ, ಬಂದ ಅಷ್ಟಿಷ್ಟು ಫಸಲನ್ನು ಧಾರಣೆ ತೀರ ಕೆಳಗಿರುವ ಸುಗ್ಗಿಯಲ್ಲೇ ಮಾರಬೇಕಾಗುತ್ತದೆ. ಮುಂದಿನ ವರ್ಷ ಅದೇ ಕಾಳನ್ನು ದುಬಾರಿ ಬೆಲೆಗೆ ಕೊಳ್ಳುವವರೂ ಅವರೇ. ಈ ಕುಟುಂಬಕ್ಕೆ ಕೃಷಿಯ ತಿಳಿವಳಿಕೆ ಇಲ್ಲವೆಂದಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಕಾಯುವ ಶಕ್ತಿ ಇಲ್ಲ, ಅಷ್ಟೇ. ತಿಂಗಳಿಗೊಮ್ಮೆ ಬರುವ ಹಣ ಎಷ್ಟೇ ಸಣ್ಣದಿರಲಿ, ಕಳೆಯ ವಾರಗಳಲ್ಲಿ ಸ್ವಂತ ಹೊಲದಲ್ಲಿ ನಿಲ್ಲುವುದಕ್ಕೂ, ಬಡ್ಡಿಗೆ ಕೈಯೊಡ್ಡದಿರುವುದಕ್ಕೂ, ಧಾರಣೆ ಏರುವ ತನಕ ಫಸಲನ್ನು ಹಿಡಿದಿಡುವುದಕ್ಕೂ ಆ ಶಕ್ತಿಯನ್ನು ಕೊಡುತ್ತದೆ. ಲೆಕ್ಕದಲ್ಲಿ ಅದು ‘ಊಟದ ಖರ್ಚು’ ಎಂದೇ ನಮೂದಾಗುತ್ತದೆ, ಆದರೆ ಅದರ ಫಲ ಕಾಣಿಸಿಕೊಳ್ಳುವುದು ಹೊಲದಲ್ಲಿ.

ಇದು ಬರಿಯ ಊಹೆಯಲ್ಲ. ಆಫ್ರಿಕಾದ ಮಲಾವಿಯಲ್ಲಿ 2006ರಲ್ಲಿ ಮ್ಚಿಂಜಿ ಜಿಲ್ಲೆಯಿಂದ ಆರಂಭವಾದ ನಗದು ನೆರವಿನ ಕಾರ್ಯಕ್ರಮವನ್ನು ಅಧ್ಯಯನ ಮಾಡಿದವರಿಗೆ ಕಂಡದ್ದು ಇದೇ: ನೆರವು ಪಡೆದ ಮನೆಗಳ ವಯಸ್ಕರು ಬಿಡಿ ಕೂಲಿಗೆ ಹೋಗುವುದು ಕಡಿಮೆಯಾಯಿತು, ಕೃಷಿ ಉಪಕರಣಗಳೂ ಸಾಕುಪ್ರಾಣಿಗಳೂ ಹೆಚ್ಚಾದವು. ಜಾಂಬಿಯಾದಲ್ಲಿ ಪುಟ್ಟ ಮಕ್ಕಳಿರುವ ಕುಟುಂಬಗಳಿಗೆಂದು 2010ರಲ್ಲಿ ಶುರುವಾದ ಯೋಜನೆಯಲ್ಲಿ ಎರಡು ತಿಂಗಳಿಗೊಮ್ಮೆ ಹಣ ಕೊಡಲಾಗುತ್ತಿತ್ತು, ಅದಕ್ಕೆ ಯಾವ ಷರತ್ತೂ ಇರಲಿಲ್ಲ. ಅಲ್ಲಿ ಸಾಗುವಳಿಯ ಭೂಮಿ ಹಿಗ್ಗಿತು, ಬೀಜ ಗೊಬ್ಬರಗಳ ಬಳಕೆ ಹೆಚ್ಚಿತು, ಮತ್ತು ಕುಟುಂಬದ ಖರ್ಚಿನಲ್ಲಾದ ಏರಿಕೆ ಕೊಟ್ಟ ಹಣವನ್ನೂ ಮೀರಿತು. ಮಿಕ್ಕ ಹಣ ಎಲ್ಲಿಂದ ಬಂತು? ಅವರದೇ ದುಡಿಮೆಯಿಂದ ಬಂತು. ಭಾರತದಲ್ಲೂ 2011–12ರ ಸುಮಾರಿಗೆ ‘ಸೇವಾ’ (SEWA) ಎಂಬ ಸ್ವಉದ್ಯೋಗಿ ಮಹಿಳೆಯರ ಸಂಘಟನೆಯು ಯುನಿಸೆಫ್ ಬೆಂಬಲದೊಂದಿಗೆ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ ಕೊಟ್ಟು (ಮುಂದೆ ಅದನ್ನು 300 ಮತ್ತು 150ಕ್ಕೆ ಏರಿಸಲಾಯಿತು) ಪ್ರಯೋಗ ನಡೆಸಿದಾಗ, ಜನ ಕೂಲಿಯಿಂದ ಸ್ವಂತ ಸಾಗುವಳಿಯತ್ತ ಹೊರಳಿದ್ದು, ಜಾನುವಾರು ಕೊಂಡದ್ದು ದಾಖಲಾಗಿದೆ.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದ ಉತ್ತರ ಮೆಕ್ಸಿಕೋದಿಂದ ಬಂದಿದೆ. ಅಲ್ಲಿ 1997ರಲ್ಲಿ ಹಳ್ಳಿಗಳಿಂದ ಆರಂಭವಾದ ಪ್ರೊಗ್ರೆಸಾ ಯೋಜನೆಯು ಮಕ್ಕಳ ಶಾಲೆ ಮತ್ತು ಆರೋಗ್ಯ ತಪಾಸಣೆಯ ಷರತ್ತಿನ ಮೇಲೆ ತಾಯಂದಿರ ಕೈಗೆ ನಿಯಮಿತವಾಗಿ ಹಣ ಕೊಡುತ್ತಿತ್ತು; ಜೀವನೋಪಾಯ ಅದರ ಗುರಿಯೇ ಆಗಿರಲಿಲ್ಲ. ಆದರೂ ಕುಟುಂಬಗಳು ಬಂದ ಪ್ರತಿ ಪೆಸೊದಲ್ಲಿ ಸುಮಾರು 74 ಸೆಂಟಾವೊಗಳನ್ನು ಬಳಸಿ ಉಳಿದದ್ದನ್ನು ಹೂಡಿದವು ಎಂದೂ, ಸುಮಾರು ಒಂದೂವರೆ ವರ್ಷದಲ್ಲಿ ಅವರ ಕೃಷಿ ಆದಾಯ ಹತ್ತಿರಹತ್ತಿರ ಶೇ. 10ರಷ್ಟು ಹೆಚ್ಚಿತೆಂದೂ 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಯಾರೂ ಹೇಳದಿದ್ದರೂ, ಯಾರೂ ಒತ್ತಾಯಿಸದಿದ್ದರೂ ಬಡವರು ನಾಲ್ಕರಲ್ಲೊಂದು ಪಾಲನ್ನು ನಾಳೆಗೆಂದು ತೆಗೆದಿಟ್ಟರು ಎಂಬ ಈ ಸಂಗತಿ, ‘ಕರಗಿಹೋಗುತ್ತದೆ’ ಎನ್ನುವ ನಿಮ್ಮ ಸ್ನೇಹಿತರಿಗೆ ತಲುಪಬೇಕು ಎಂದು ನನ್ನ ಕೋರಿಕೆ.

ಲೆಕ್ಕಪತ್ರ

ಬಿತ್ತನೆಕಾಲ ಅವರ ಮಾತಿಗೆ ನನ್ನ ಸಹಮತವಿದೆ. ಆದರೆ ಅವರು ‘ನಿಯಮಿತ’ ಎಂಬುದನ್ನು ಹಗುರವಾಗಿ ದಾಟಿಹೋದರು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿಯೇ ಇದೆ.

ಘಾನಾ ದೇಶದಲ್ಲಿ 2008ರಲ್ಲಿ ಆರಂಭವಾದ ಲೀಪ್ ಎಂಬ ಯೋಜನೆಯ ಮೊದಲ ಮೌಲ್ಯಮಾಪನ ನಡೆದ ಅವಧಿಯಲ್ಲಿ ಪಾವತಿಗಳು ಹಲವು ತಿಂಗಳು ತಡವಾಗಿ, ಕೆಲವೊಮ್ಮೆ ಬಾಕಿಯೆಲ್ಲ ಒಟ್ಟಿಗೆ ಬರುತ್ತಿದ್ದವು. ಜನ ಆ ಹಣದಿಂದ ಹಳೆಯ ಸಾಲ ತೀರಿಸಿದರು, ಸ್ವಲ್ಪ ಉಳಿಸಿದರು. ಮನೆಯ ಬಳಕೆಯ ಮಟ್ಟ ಮಾತ್ರ ಏರಲಿಲ್ಲ. ಸಾಲ ತೀರಿದ್ದು ಸಣ್ಣ ಸಂಗತಿಯಲ್ಲ, ಒಪ್ಪುತ್ತೇನೆ. ಆದರೂ ಬರುತ್ತದೆಯೋ ಇಲ್ಲವೋ ಎಂಬ ಹಣವನ್ನು ನಂಬಿ ಯಾರೂ ಹೊಸ ದುಡಿಮೆಗೆ ಕೈ ಹಾಕುವುದಿಲ್ಲ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ.

ಬರುವುದು ಖಚಿತವಾದಾಗ ಏನಾಗುತ್ತದೆ ಎಂಬುದಕ್ಕೆ ಕೆನ್ಯಾದ ಹಳ್ಳಿಗಳಲ್ಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆ 2018ರ ಹೊತ್ತಿಗೆ ಆರಂಭಿಸಿದ ದೊಡ್ಡ ಪ್ರಯೋಗವನ್ನು ನೋಡಬೇಕು. ಕೆಲವು ಹಳ್ಳಿಗಳಿಗೆ ಹನ್ನೆರಡು ವರ್ಷಗಳ ಮಾಸಿಕ ಹಣದ ಭರವಸೆ, ಕೆಲವಕ್ಕೆ ಎರಡೇ ವರ್ಷಗಳ ಮಾಸಿಕ ಹಣ, ಇನ್ನು ಕೆಲವಕ್ಕೆ ಆ ಎರಡು ವರ್ಷಗಳ ಮೊತ್ತ ಒಂದೇ ಇಡುಗಂಟಾಗಿ. ಮೊದಲ ಎರಡು ವರ್ಷ ಮುಗಿದಾಗ, ಹೊಸ ವ್ಯಾಪಾರ ವಹಿವಾಟುಗಳು ಹೆಚ್ಚಾಗಿ ಹುಟ್ಟಿದ್ದು ಇಡುಗಂಟು ಪಡೆದವರಲ್ಲಿ ಮತ್ತು ಹನ್ನೆರಡು ವರ್ಷಗಳ ಭರವಸೆ ಪಡೆದವರಲ್ಲಿ. ಎರಡೇ ವರ್ಷದ ಮಾಸಿಕ ಗುಂಪಿನಲ್ಲಿ ಅದು ಕಡಿಮೆಯಿತ್ತು. ಹನ್ನೆರಡು ವರ್ಷದವರಿಗೂ ಎರಡು ವರ್ಷದವರಿಗೂ ಅಲ್ಲಿಯ ತನಕ ಕೈಗೆ ಬಂದ ಹಣ ಒಂದೇ ಆಗಿತ್ತು ಎಂಬುದನ್ನು ಗಮನಿಸಿ. ವ್ಯತ್ಯಾಸ ಇದ್ದದ್ದು ಮುಂದೆಯೂ ಬರುತ್ತದೆ ಎಂಬ ಭರವಸೆಯಲ್ಲಿ. ಆ ಭರವಸೆಯ ಮೇಲೆ ಅವರು ಚೀಟಿ ಗುಂಪುಗಳನ್ನು ಕಟ್ಟಿಕೊಂಡು ಸಣ್ಣ ಕಂತುಗಳನ್ನು ತಾವೇ ಇಡುಗಂಟಾಗಿ ಪರಿವರ್ತಿಸಿಕೊಂಡರು. ಪ್ರತಿಯೊಬ್ಬರಿಗೂ ನಿಗದಿತ ದಿನ ಹಣ ಬರುವುದು ಖಚಿತವಿದ್ದರೆ ಮಾತ್ರ ಚೀಟಿ ನಡೆಯುತ್ತದೆ. ಒಬ್ಬರ ಕಂತು ತಪ್ಪಿದರೂ ಗುಂಪು ಒಡೆಯುತ್ತದೆ.

ಆದ್ದರಿಂದ ನಿಮ್ಮಲ್ಲಿ ವಾದ ಮಾಡುತ್ತಿರುವ ಇಬ್ಬರ ಮಾತಿನಲ್ಲೂ ಹುರುಳಿದೆ. ಕೆನ್ಯಾದ ರರಿಯೆಡಾ ಪ್ರದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ಮಾಸಿಕ ಹಣ ಆಹಾರದ ಭದ್ರತೆಯನ್ನು ಹೆಚ್ಚಿಸಿತು, ಇಡುಗಂಟು ಬಾಳಿಕೆಯ ವಸ್ತುಗಳಾಗಿ ನಿಂತಿತು. ನಿಮ್ಮ ಅವಧಿ ಎರಡು ಮೂರು ವರ್ಷ ಮಾತ್ರ ಎಂದಾದರೆ ಮಾಸಿಕ ಹಣದ ಜೊತೆಗೆ, ಕುಟುಂಬವೇ ಆಯ್ದುಕೊಂಡ ಹೊತ್ತಿನಲ್ಲಿ, ಒಮ್ಮೆ ದೊಡ್ಡ ಕಂತನ್ನು ಕೊಡುವುದು ಸರಿ ಎಂದು ನನಗೆ ತೋರುತ್ತದೆ. ಹಣ ಯಾವ ದಿನ ಬರುತ್ತದೆ, ಎಷ್ಟು ಬರುತ್ತದೆ, ಯಾವ ತಿಂಗಳಿಗೆ ನಿಲ್ಲುತ್ತದೆ ಎಂಬ ಮೂರನ್ನೂ ಮೊದಲ ದಿನವೇ ಹೇಳಿಬಿಡಿ. ಆ ದಿನವನ್ನು ಒಮ್ಮೆಯೂ ತಪ್ಪಿಸಬೇಡಿ.

ಹೊಸಹೆಜ್ಜೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಚೀಟಿಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ಇನ್ನು ಮೂರು ಸಂದೇಹಗಳು ನಮ್ಮ ಸಭೆಯಲ್ಲಿ ಪದೇ ಪದೇ ಬರುತ್ತಿವೆ: ಹಣ ಬಂದರೆ ಜನ ದುಡಿಯುವುದನ್ನು ಬಿಡುತ್ತಾರೆಯೇ, ಕುಡಿತಕ್ಕೆ ಹೋಗುತ್ತದೆಯೇ, ಮತ್ತು ಊರಿನಲ್ಲಿ ಎಲ್ಲದರ ಬೆಲೆ ಏರಿ ನೆರವು ಸಿಗದವರಿಗೆ ತೊಂದರೆಯಾಗುತ್ತದೆಯೇ?

ನೇಗಿಲಗೆರೆ

ಮೊದಲ ಎರಡಕ್ಕೆ ಉತ್ತರ ಚಿಕ್ಕದು. ಆರು ದೇಶಗಳಲ್ಲಿ ಸರ್ಕಾರಗಳೇ ನಡೆಸಿದ ಏಳು ಕಾರ್ಯಕ್ರಮಗಳ ಪ್ರಯೋಗಗಳನ್ನು ಅಭಿಜಿತ್ ಬ್ಯಾನರ್ಜಿ ಮತ್ತು ಸಹ ಸಂಶೋಧಕರು ಒಟ್ಟಿಗಿಟ್ಟು ನೋಡಿದಾಗ ದುಡಿಮೆ ಕುಗ್ಗಿದ್ದಕ್ಕೆ ವ್ಯವಸ್ಥಿತವಾದ ಪುರಾವೆ ಸಿಗಲಿಲ್ಲ. ಮದ್ಯ ತಂಬಾಕುಗಳ ಖರ್ಚಿನ ಬಗ್ಗೆ ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ 19 ಅಧ್ಯಯನಗಳನ್ನು ಪರಿಶೀಲಿಸಿ ಅದು ಹೆಚ್ಚಿಲ್ಲವೆಂದು ಕಂಡುಕೊಂಡರು. ಬಡವರ ಕೈಗೆ ಹಣ ಕೊಡುವ ಮಾತು ಬಂದಾಗಲೆಲ್ಲ ಕುಡಿತದ ಮಾತು ಏಳುವುದು ನನಗೆ ನೋವಿನ ಸಂಗತಿ. ದುಡಿಮೆಯ ವಿಷಯದಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು: ಮಲಾವಿಯಲ್ಲಿ ಮಕ್ಕಳು ಹೊರಗಿನ ಕೂಲಿಗೆ ಹೋಗುವುದು ತಗ್ಗಿದರೂ, ಮನೆಯ ಹೊಲ ಮತ್ತು ಪ್ರಾಣಿಗಳ ಕೆಲಸದಲ್ಲಿ ಅವರ ಪಾಲು ಹೆಚ್ಚಾಯಿತು. ಕುಟುಂಬದ ದುಡಿಮೆ ಬೆಳೆದಾಗ ಅದರ ಭಾರ ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ನೀವು ನೋಡುತ್ತಿರಬೇಕು.

ಬೆಲೆಯ ಪ್ರಶ್ನೆ ಇವಕ್ಕಿಂತ ಗಂಭೀರವಾದದ್ದು. ಕೆನ್ಯಾದ ಸಿಯಾಯ ಕೌಂಟಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ ಸುಮಾರು 1000 ಡಾಲರ್ ಕೊಟ್ಟಾಗ ಬೆಲೆಗಳು ಏರಿದ್ದು ಶೇ. 0.1ರಷ್ಟು ಮಾತ್ರ, ಅದೇ ಹೊತ್ತಿಗೆ ಆ ಹಣ ಕೈಯಿಂದ ಕೈಗೆ ಸಾಗಿ ಸ್ಥಳೀಯ ಆರ್ಥಿಕತೆಯಲ್ಲಿ ಎರಡೂವರೆ ಪಟ್ಟಿನಷ್ಟು ಚಟುವಟಿಕೆ ಹುಟ್ಟಿತೆಂದು ಅಂದಾಜು ಮಾಡಲಾಗಿದೆ. ನೆರವು ಸಿಗದ ಕುಟುಂಬಗಳಿಗೂ ಅದರ ಲಾಭ ತಲುಪಿತು. ಆದರೆ ಫಿಲಿಪ್ಪೀನ್ಸಿನಲ್ಲಿ ನಡೆದ ಅಧ್ಯಯನವೊಂದು ಬೇರೆ ಚಿತ್ರ ಕೊಡುತ್ತದೆ. ದೂರದ ಹಳ್ಳಿಗಳಲ್ಲಿ, ಬಹುಪಾಲು ಮನೆಗಳಿಗೆ ಹಣ ಬಂದ ಕಡೆ, ಮೊಟ್ಟೆಯಂಥ ಬೇಗ ಕೆಡುವ ಪೌಷ್ಟಿಕ ಆಹಾರದ ಬೆಲೆ ಏರಿ, ನೆರವು ಸಿಗದ ಮನೆಗಳ ಮಕ್ಕಳ ಬೆಳವಣಿಗೆಗೇ ಪೆಟ್ಟು ಬಿತ್ತು. ಸರಕು ಸುಲಭವಾಗಿ ಬಂದು ಹೋಗುವ ಊರಿನಲ್ಲಿ ಚಿಂತೆ ಬೇಡ. ಸಂತೆ ದೂರವಿರುವ, ರಸ್ತೆ ಸರಿಯಿಲ್ಲದ ಊರಿನಲ್ಲಿ ಅರ್ಧ ಮನೆಗಳನ್ನು ಬಿಟ್ಟು ಉಳಿದರ್ಧಕ್ಕೆ ಕೊಡುವುದಕ್ಕಿಂತ, ಮೊತ್ತ ತುಸು ಕಡಿಮೆಯಾದರೂ ಎಲ್ಲ ಬಡ ಮನೆಗಳನ್ನೂ ಸೇರಿಸಿಕೊಳ್ಳುವುದು ನ್ಯಾಯ.

ದೂರದಾರಿ

ಮೇಲಿನ ಮೂವರ ಮಾತುಗಳನ್ನು ಒಪ್ಪಿಯೂ ನನ್ನದೊಂದು ತಕರಾರಿದೆ. ಇಲ್ಲಿಯ ಮಾತೆಲ್ಲ ಬಹುಮಟ್ಟಿಗೆ ದುಡಿಯುವ ಕೈಗಳಿರುವ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ್ದು. ವೃದ್ಧ ಅಜ್ಜಿಯೊಬ್ಬರು ಮೊಮ್ಮಕ್ಕಳನ್ನು ಸಾಕುತ್ತಿರುವ ಮನೆಗೆ, ದೀರ್ಘ ಕಾಯಿಲೆಯವರಿರುವ ಮನೆಗೆ ಹಣ ಬಂದರೆ ಅಲ್ಲಿ ಸಾಗುವಳಿ ಬೆಳೆಯದೆಯೂ ಇರಬಹುದು, ಬೆಳೆಯಲೇಬೇಕೆಂದು ನಾವು ಬಯಸುವುದೂ ತಪ್ಪು. ಅಂಥವರಿಗೆ ಊಟ, ಔಷಧಿ, ಮಕ್ಕಳ ಶಾಲೆಯೇ ನೆರವಿನ ಪೂರ್ಣ ಫಲ. ಮೂರನೆಯ ವರ್ಷದ ಕೊನೆಗೆ ‘ಇವರು ಏನನ್ನೂ ಕಟ್ಟಿಕೊಳ್ಳಲಿಲ್ಲ’ ಎಂದು ಅವರನ್ನು ವಿಫಲರ ಪಟ್ಟಿಗೆ ಸೇರಿಸುವಂತಾಗಬಾರದು.

ದುಡಿಯುವ ಕೈಗಳಿದ್ದರೂ ಹಣವೊಂದೇ ಎಲ್ಲ ಕಡೆ ಸಾಲುವುದಿಲ್ಲ. ಮೇಕೆ ಕೊಂಡ ಮನೆಗೆ ಅದು ಕಾಯಿಲೆ ಬಿದ್ದಾಗ ಪಶುವೈದ್ಯರು ಸಿಗಬೇಕು. ಹೊಲಿಗೆ ಯಂತ್ರ ಕೊಂಡವರಿಗೆ ಗಿರಾಕಿ ಬೇಕು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗೆಂದು ರೂಪಿಸಿದ ಕಾರ್ಯಕ್ರಮದಲ್ಲಿ ದುಡಿಮೆಗೆ ಬೇಕಾದ ಆಸ್ತಿ, ಆರಂಭದ ತಿಂಗಳುಗಳಿಗೆ ನಿಯಮಿತ ಹಣ, ತರಬೇತಿ, ಮತ್ತೆ ಮತ್ತೆ ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತರು ಎಲ್ಲ ಸೇರಿದ್ದವು. ಇದೇ ಮಾದರಿಯನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ ಮತ್ತು ಪೆರುವಿನಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೆರವು ಮುಗಿದು ಒಂದು ವರ್ಷ ಕಳೆದ ಮೇಲೂ ಅದರ ಒಟ್ಟಾರೆ ಪ್ರಯೋಜನ ಉಳಿದಿತ್ತು. ಆ ನಿಯಮಿತ ಹಣದ ಕೆಲಸವೇನೆಂದರೆ, ಕೊಟ್ಟ ಪ್ರಾಣಿ ಮರಿ ಹಾಕಿ ಆದಾಯ ತರುವ ಮೊದಲೇ ಹಸಿವಿಗೆ ಸೋತು ಅದನ್ನು ಮಾರಿಬಿಡುವ ಪ್ರಸಂಗ ಬರದಂತೆ ತಡೆಯುವುದು.

ನಿಲ್ಲಿಸುವ ಹೊತ್ತನ್ನೂ ಈಗಲೇ ಯೋಚಿಸಿ. ಕಳೆ ತೆಗೆಯುವ ತಿಂಗಳುಗಳಲ್ಲಿ, ಮನೆಯ ಕಾಳು ಮುಗಿದಿರುವಾಗ ಕೊನೆಯ ಕಂತು ಬಂದರೆ ಬಿತ್ತನೆಕಾಲ ಅವರು ವಿವರಿಸಿದ ಅದೇ ಸುಳಿಗೆ ಕುಟುಂಬ ಮರಳುತ್ತದೆ. ಕೊನೆಯ ಕಂತನ್ನು ಸುಗ್ಗಿಯ ನಂತರದ ತಿಂಗಳಿಗೆ ಹೊಂದಿಸಿಕೊಳ್ಳಿ. ಅದಕ್ಕಾಗಿ ಮೊದಲ ಕಂತು ಎಂದು ಶುರುವಾಗಬೇಕು ಎಂಬುದನ್ನು ಹಿಂದಿನಿಂದ ಎಣಿಸಿಕೊಂಡು ಬನ್ನಿ.