ಹಾರರ್ ಗೇಮ್‌ನ ಕಥೆ: ಬೆಚ್ಚಿಬೀಳುತ್ತಾರೆ, ಆದರೆ ಹೆದರುವುದಿಲ್ಲ

ಪ್ರಶ್ನೆ:
ನಾವು ಮೂವರು ಸೇರಿ ಸುಮಾರು ಎರಡು ಗಂಟೆಯ ಸೈಕಲಾಜಿಕಲ್ ಹಾರರ್ ಗೇಮ್ ಒಂದನ್ನು ರೂಪಿಸುತ್ತಿದ್ದೇವೆ. ತಾಯಿ ತೀರಿಕೊಂಡ ಮೇಲೆ ಮಲೆನಾಡಿನ ಹಳೆಯ ಮನೆಯನ್ನು ಖಾಲಿ ಮಾಡಲು ಬರುವ ನರ್ಸ್ ನಮ್ಮ ನಾಯಕಿ. ಮನೆಯೊಳಗೆ ಏನೋ ಓಡಾಡುತ್ತದೆ. ಕೊನೆಗೆ ಅದೆಲ್ಲ ಅವಳ ಭ್ರಮೆಯೆಂದು ತಿಳಿಯುತ್ತದೆ. ಆಡಿ ನೋಡಿದ ಗೆಳೆಯರು ಅಲ್ಲಲ್ಲಿ ಬೆಚ್ಚಿಬಿದ್ದರೇ ಹೊರತು ಯಾರೂ ಹೆದರಲಿಲ್ಲ. ಕಥೆ ಮತ್ತು ಪಾತ್ರಗಳನ್ನು ಎಲ್ಲಿಂದ ತಿದ್ದಬೇಕೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:
ಮನೆಯಲ್ಲಿ ಓಡಾಡುವುದು ಏನು ಎಂಬುದನ್ನು ನೀವು ಬರೆದಿದ್ದೀರಿ, ಆದರೆ ಆ ಹೆಣ್ಣುಮಗಳು ಏನು ಮಾಡಿದ್ದಾಳೆ ಎಂಬುದನ್ನು ಬರೆದಿಲ್ಲ. ನನ್ನ ಮಟ್ಟಿಗೆ ತೊಡಕಿರುವುದು ಅಲ್ಲಿಯೇ. 2001ರಲ್ಲಿ ಬಂದ ‘ಸೈಲೆಂಟ್ ಹಿಲ್ 2’ ಗೇಮ್‌ನಲ್ಲಿ, ಮೂರು ವರ್ಷದ ಹಿಂದೆ ಸತ್ತಳೆಂದು ತಾನು ನಂಬಿರುವ ಹೆಂಡತಿಯಿಂದ ಪತ್ರ ಬಂತೆಂದು ಜೇಮ್ಸ್ ಎಂಬಾತ ಆ ಊರಿಗೆ ಬರುತ್ತಾನೆ. ಕಾಯಿಲೆ ಬಿದ್ದಿದ್ದ ಅವಳನ್ನು ದಿಂಬಿನಿಂದ ಉಸಿರುಗಟ್ಟಿಸಿ ಕೊಂದವನು ತಾನೇ ಎಂಬುದನ್ನು ಅವನು ತನ್ನಿಂದಲೇ ಮುಚ್ಚಿಟ್ಟುಕೊಂಡಿರುತ್ತಾನೆ. ತ್ರಿಕೋನಾಕಾರದ ತಲೆಯ ಆ ಪ್ರಸಿದ್ಧ ರಾಕ್ಷಸ ಅವನನ್ನು ಬೆನ್ನಟ್ಟುವುದಕ್ಕೆ ಕಾರಣ, ತನ್ನನ್ನು ಯಾರಾದರೂ ಶಿಕ್ಷಿಸಲಿ ಎಂದು ಅವನೇ ಬಯಸಿದ್ದು. ಅದೇ ಊರಿನಲ್ಲಿ ಅಡ್ಡಾಡುವ ಲಾರಾ ಎಂಬ ಪುಟ್ಟ ಹುಡುಗಿಗೆ ಯಾವ ರಾಕ್ಷಸನ ಭಯವೂ ಇಲ್ಲ, ಏಕೆಂದರೆ ಅವಳ ಮೇಲೆ ಯಾವ ಪಾಪದ ಭಾರವೂ ಇಲ್ಲ.

ನಾನು ಹೆಚ್ಚು ಕಲಿತದ್ದು, ಆಡುವ ಬಗೆಗೆ ತಕ್ಕಂತೆ ಬದಲಾಗುವ ಆ ಆಟದ ಬೇರೆ ಬೇರೆ ಮುಕ್ತಾಯಗಳಿಂದ. ಆಟಗಾರನು ಗಾಯಗೊಂಡರೂ ಔಷಧ ಬಳಸದೆ ಅಲೆದರೆ, ಏಂಜೆಲಾ ಎಂಬ ಪಾತ್ರದಿಂದ ಪಡೆದ ಚಾಕುವನ್ನು ಮತ್ತೆ ಮತ್ತೆ ತೆಗೆದು ನೋಡಿದರೆ, ಗೇಮ್ ಅದನ್ನೆಲ್ಲ ಸದ್ದಿಲ್ಲದೆ ಗುರುತಿಟ್ಟುಕೊಂಡು ಜೇಮ್ಸ್‌ನನ್ನು ಆತ್ಮಹತ್ಯೆಯ ಮುಕ್ತಾಯದ ಕಡೆಗೆ ನೂಕುತ್ತದೆ. ಆಡುವವನ ಅಭ್ಯಾಸವೇ ಪಾತ್ರದ ಮನಸ್ಸಾಗುವ ಈ ಬಗೆ ಸಿನಿಮಾಕ್ಕಾಗಲಿ ಕಾದಂಬರಿಗಾಗಲಿ ಸುಲಭವಾಗಿ ಒಲಿಯುವುದಲ್ಲ.

ನಮ್ಮ ಮೊದಲ ಗೇಮ್‌ನಲ್ಲಿ ನಾಯಕನ ಹಿನ್ನೆಲೆಯನ್ನು ಹದಿನಾಲ್ಕು ಪುಟಗಳ ದಿನಚರಿಯಾಗಿ ಬರೆದು ಕೋಣೆಕೋಣೆಗಳಲ್ಲಿ ಇಟ್ಟಿದ್ದೆ. ಪ್ಲೇಟೆಸ್ಟ್‌ಗೆ (ಗೇಮನ್ನು ಆಡಿಸಿ ಪರೀಕ್ಷಿಸುವುದಕ್ಕೆ) ಬಂದವರು ಮೂರನೆಯ ಪುಟದಿಂದಾಚೆಗೆ ಓದದೆಯೇ ಗುಂಡಿ ಒತ್ತಿ ಮುಂದೆ ಹೋದರು. (ಬರೆದವನಿಗೆ ಅದಕ್ಕಿಂತ ದೊಡ್ಡ ಹಾರರ್ ಇಲ್ಲ.) ಆಮೇಲೆ ಅದನ್ನೆಲ್ಲ ಕಿತ್ತು, ಊಟದ ಮೇಜಿನ ಮೇಲೆ ಪ್ರತಿ ರಾತ್ರಿಯೂ ಒಂದು ತಟ್ಟೆ ಹೆಚ್ಚಾಗಿ ಕಾಣುವಂತೆ ಮಾಡಿದೆವು, ಎಲ್ಲರೂ ತಟ್ಟೆಗಳನ್ನು ಎಣಿಸತೊಡಗಿದರು.

ಎರಡನೆಯ ಉತ್ತರ:
ಕೊನೆಯಲ್ಲಿ ‘ಎಲ್ಲ ಭ್ರಮೆ’ ಎನ್ನುವುದನ್ನು ದಯವಿಟ್ಟು ಕೈಬಿಡಿ. ಇಲ್ಲದ ದನಿಗಳು ಕೇಳಿಸುವ ಒಬ್ಬರ ಜೊತೆ ಒಂದೇ ಮನೆಯಲ್ಲಿ ಬಾಳಿದವನಾಗಿ ಹೇಳುತ್ತೇನೆ, ಅವರ ಪಾಲಿಗೆ ಅದು ಕಥೆಯ ತಿರುವಲ್ಲ, ದಿನನಿತ್ಯದ ಬದುಕು. 2017ರ ‘ಹೆಲ್‌ಬ್ಲೇಡ್’ ಗೇಮ್‌ಗಾಗಿ ನಿಂಜಾ ಥಿಯರಿ ತಂಡದವರು ಕೇಂಬ್ರಿಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಅವರ ಜೊತೆಗೆ, ಸೈಕೋಸಿಸ್ (ಇಲ್ಲದ್ದು ಕಾಣಿಸುವ, ಕೇಳಿಸುವ ಮಾನಸಿಕ ಸ್ಥಿತಿ) ಅನುಭವಿಸಿದವರನ್ನೂ ಕೂರಿಸಿಕೊಂಡು ಕೇಳಿ ತಿಳಿದರು. ಆ ಗೇಮ್‌ನ ನಾಯಕಿ ಸೆನುವಾಳಿಗೆ ಕೇಳಿಸುವ ದನಿಗಳನ್ನು ಎರಡೂ ಕಿವಿಗಳ ಸುತ್ತ ಸುಳಿದಾಡುವಂತೆ ಧ್ವನಿಮುದ್ರಿಸಿದ್ದಾರೆ. ಅವು ಹಂಗಿಸುತ್ತವೆ, ಕೆಲವೊಮ್ಮೆ ಹಿಂದಿನಿಂದ ಬರುವ ಶತ್ರುವಿನ ಬಗ್ಗೆ ಎಚ್ಚರಿಸುತ್ತವೆ ಕೂಡ. ನಿಮ್ಮ ನಾಯಕಿ ಕಾಣುವುದು ಅವಳಿಗೆ ನಿಜವೆಂದೇ ಕೊನೆಯವರೆಗೂ ಉಳಿಯಲಿ.

ಮೂರನೆಯ ಉತ್ತರ:
ಒಂದೇ ಮಾತು ಸೇರಿಸುತ್ತೇನೆ. ‘ಅಮ್ನೇಷಿಯಾ’ ಗೇಮ್‌ನಲ್ಲಿ (2010) ಕತ್ತಲೆ ನಿಮ್ಮನ್ನು ರಾಕ್ಷಸರಿಂದ ಅಡಗಿಸುತ್ತದೆ, ಆದರೆ ಅದೇ ಕತ್ತಲೆ ನಾಯಕನ ಬುದ್ಧಿಸ್ಥಿಮಿತವನ್ನು ಕುಗ್ಗಿಸುತ್ತದೆ. ಇದನ್ನು ನೋಡಿ ನಾವೂ ಮಾನಸಿಕ ಸ್ಥಿತಿಗೆ ಒಂದು ಮೀಟರ್ ಇಟ್ಟೆವು. ಆದರೆ ಆಡಿದವರು ಮೊಬೈಲ್ ಬ್ಯಾಟರಿಯನ್ನು ನೋಡುವಂತೆ ಆ ಮೀಟರನ್ನೇ ನೋಡುತ್ತ ಕುಳಿತರು, ಭಯ ಹಾರಿಹೋಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಕುಳಿತು ಕಥೆಯನ್ನು ತಿದ್ದಿದೆವು. ಈಗ ತಾಯಿ ಸತ್ತ ರಾತ್ರಿ ನೈಟ್ ಡ್ಯೂಟಿಯಲ್ಲಿದ್ದ ನಾಯಕಿ, ಬೇರೆಯವರ ತಾಯಂದಿರನ್ನು ನೋಡಿಕೊಳ್ಳುತ್ತ, ಅಮ್ಮನ ಕರೆಗಳನ್ನು ಕಟ್ ಮಾಡಿರುತ್ತಾಳೆ. ಆಟದ ಆರಂಭದಲ್ಲಿ ಪಾತ್ರೆ, ಸೀರೆಗಳನ್ನು ಪೆಟ್ಟಿಗೆಗೆ ತುಂಬುವ ಹೊತ್ತಿಗೆ ಆಗಾಗ ಯಾರದೋ ಕರೆ ಬಂದು ಫೋನ್ ನಡುಗುತ್ತದೆ. ಆಟಗಾರರು ಎಷ್ಟು ಸಲ ಕಟ್ ಮಾಡುತ್ತಾರೋ ಅಷ್ಟು ಸಲ ಆ ನಡುಕದ ಸದ್ದು ಮುಂದೆ ಅಮ್ಮನ ಬೀಗ ಹಾಕಿದ ಕೋಣೆಯೊಳಗಿಂದ ಬರುತ್ತದೆ. ಕಟ್ ಮಾಡಿದ ಎಣಿಕೆಯನ್ನು ಪರದೆಯ ಮೂಲೆಯಲ್ಲಿ ತೋರಿಸೋಣವೇ?

ಮೊದಲ ಉತ್ತರ ಕೊಟ್ಟವರು:
ಬೇಡ. ತಟ್ಟೆಗಳನ್ನು ಎಣಿಸಿದಂತೆ ಅದನ್ನೂ ಅವರೇ ಎಣಿಸುತ್ತಾರೆ.